ಸ್ಟಾಕ್‌ಹೋಮ್ ಸದ್ದು, ಬೆಂಗಳೂರಿನ ಸ್ಟುಡಿಯೊ: ಒಂದು ಡೆತ್ ಮೆಟಲ್ ರೆಕಾರ್ಡಿಂಗ್‌ನ ಪ್ರಕರಣ ಅಧ್ಯಯನ

ಬೆಂಗಳೂರಿನ ಐದು ಜನರ ಡೆತ್ ಮೆಟಲ್ (ಗೊಗ್ಗರು ಗಂಟಲಿನ, ಭಾರಿ ಗಿಟಾರಿನ ರಾಕ್) ಬ್ಯಾಂಡೊಂದು ನಾಲ್ಕು ಹಾಡುಗಳ ತನ್ನ ಮೊದಲ ಇಪಿಗೆ (ಆಲ್ಬಮ್‌ಗಿಂತ ಚಿಕ್ಕ ಸಂಗ್ರಹಕ್ಕೆ) 1990ರ ಹೊತ್ತಿನ ಸ್ವೀಡನ್ನಿನ ಗಿಟಾರ್ ಸದ್ದೇ ಬೇಕೆಂದು ಹೊರಟಿತು. ಅಲ್ಲಿಯವರು ಬಳಸಿದ ಪೆಡಲನ್ನೇ (ಕಾಲಲ್ಲಿ ಒತ್ತಿ ಗಿಟಾರ್ ಸದ್ದು ಬದಲಿಸುವ ಪೆಟ್ಟಿಗೆ) ತಂದರು, ನಾಬ್‌ಗಳನ್ನು ಅವರಂತೆಯೇ ತಿರುಗಿಸಿದರು, ಶ್ರುತಿಯನ್ನೂ ತೀರ ಕೆಳಗಿಳಿಸಿದರು. ಆದರೂ ಎಲ್ಲ ವಾದ್ಯ ಬೆರೆಸಿದ ಮೊದಲ ಮಿಕ್ಸ್ ಕೈಗೆ ಬಂದಾಗ ಎರಡು ಗಿಟಾರ್‌ಗಳು ಇದ್ದೂ ಇಲ್ಲದಂತಿದ್ದವು. ಕೇಳಿಸುತ್ತಿದ್ದುದು ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್, ಕೋಲಿನಿಂದ ಹೊಡೆಯುವ ಸ್ನೇರ್ ಡ್ರಮ್, ಮತ್ತು ಅವುಗಳ ಹಿಂದೆ ಒಂದೇ ಸಮನೆ ಸುರಿಯುವ ಗರಗರ. ಹೀಗಾಗಲು ಕಾರಣಗಳೇನು, ಯಾವುದನ್ನು ಹೇಗೆ ಸರಿಪಡಿಸಲಾಯಿತು, ಯಾವುದು ಸರಿಹೋಗಲೇ ಇಲ್ಲ ಎಂಬುದರ ವಿವರ ಇಲ್ಲಿದೆ. ಬ್ಯಾಂಡ್, ಸ್ಟುಡಿಯೊ, ಹಾಡುಗಳ ಹೆಸರು ಬಿಟ್ಟಿದೆ. ಗುರುತು ಸಿಗಬಹುದಾದ ಒಂದೆರಡು ಸಂಗತಿಗಳನ್ನೂ ಮರೆಮಾಡಿದೆ.

ಸದ್ದಿನ ಮೂಲ

ಪ್ರಕರಣ ಅರ್ಥವಾಗಬೇಕಾದರೆ ಆ ಸದ್ದು ಎಲ್ಲಿಂದ ಬಂತು ಎಂಬುದು ಗೊತ್ತಿರಬೇಕು. ಡೆತ್ ಮೆಟಲ್ ಒಂದೇ ಊರಿನಲ್ಲಿ ಹುಟ್ಟಿದ್ದಲ್ಲ. ಕ್ಯಾಲಿಫೋರ್ನಿಯಾದ ಪೊಸೆಸ್ಡ್ ತಂಡ 1985ರಲ್ಲಿ ‘ಸೆವೆನ್ ಚರ್ಚಸ್’ ತಂದಾಗಲೇ ಥ್ರ್ಯಾಷ್ ಮೆಟಲ್‌ನ ವೇಗಕ್ಕೆ ಗೊಗ್ಗರು ಗಂಟಲು ಸೇರಿಕೊಂಡಿತ್ತು. ಫ್ಲೋರಿಡಾದಲ್ಲಿ ಚಕ್ ಶುಲ್ಡಿನರ್ ಮ್ಯಾಂಟಾಸ್ ಎಂಬ ಹೆಸರಲ್ಲಿ ಶುರು ಮಾಡಿದ ತಂಡ ಮುಂದೆ ಡೆತ್ ಆಯಿತು. ಅವರ ‘ಸ್ಕ್ರೀಮ್ ಬ್ಲಡಿ ಗೋರ್’ ಬಂದದ್ದು 1987ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನೇಪಾಮ್ ಡೆತ್ ‘ಸ್ಕಮ್’ ಮೂಲಕ ಪಂಕ್ ಮತ್ತು ಮೆಟಲ್ ಬೆರೆತ ಗ್ರೈಂಡ್‌ಕೋರ್‌ಗೆ ದಾರಿ ತೆರೆದು, ಬ್ಲಾಸ್ಟ್ ಬೀಟನ್ನು (ಅತಿ ವೇಗದ ಡ್ರಮ್ ಹೊಡೆತ) ಎಲ್ಲರ ಕಿವಿಗೆ ಮುಟ್ಟಿಸಿತು. 1989ರ ಹೊತ್ತಿಗೆ ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೊದಿಂದ ಒಬಿಚುವರಿಯ ‘ಸ್ಲೋಲಿ ವಿ ರಾಟ್’, ಮಾರ್ಬಿಡ್ ಏಂಜೆಲ್‌ನ ‘ಆಲ್ಟರ್ಸ್ ಆಫ್ ಮ್ಯಾಡ್‌ನೆಸ್’ ಹೊರಬಂದಿದ್ದವು. ಮುಂದೆ ಆ ಸ್ಟುಡಿಯೊ ಮತ್ತು ಇಂಜಿನಿಯರ್ ಸ್ಕಾಟ್ ಬರ್ನ್ಸ್ ಹೆಸರಿನ ಜೊತೆ ಗಟ್ಟಿಯಾಗಿ ಅಂಟಿಕೊಂಡ ಫ್ಲೋರಿಡಾ ಸದ್ದಿನ ಗುಣವೆಂದರೆ ಬಿಗಿ. ಪಾಮ್ ಮ್ಯೂಟ್ ಮಾಡಿದ (ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸಿದ) ಪ್ರತಿ ಹೊಡೆತ, ಎರಡೂ ಕಾಲಲ್ಲಿ ಹೊಡೆಯುವ ಡಬಲ್ ಬೇಸ್ ಡ್ರಮ್‌ನ ಪ್ರತಿ ಕಿಕ್ ಬಿಡಿಬಿಡಿಯಾಗಿ ಕೇಳಬೇಕು.

ಸ್ಟಾಕ್‌ಹೋಮ್‌ನ ಹುಡುಗರು ಹಿಡಿದ ದಾರಿ ಬೇರೆ. 1987ರಲ್ಲಿ ಕಟ್ಟಿದ ನಿಹಿಲಿಸ್ಟ್ 1989ರಲ್ಲಿ ಒಡೆದು, ಅದರಲ್ಲಿದ್ದ ಹೆಚ್ಚಿನವರು ಎಂಟೂಮ್ಡ್ ಆದರು. ಸನ್‌ಲೈಟ್ ಸ್ಟುಡಿಯೊದಲ್ಲಿ ಟೊಮಾಸ್ ಸ್ಕೋಗ್ಸ್‌ಬರ್ಗ್ ರೆಕಾರ್ಡ್ ಮಾಡಿದ ಅವರ ‘ಲೆಫ್ಟ್ ಹ್ಯಾಂಡ್ ಪಾತ್’ 1990ರಲ್ಲಿ ಇಯರೇಕ್ ಲೇಬಲ್‌ನಿಂದ ಬಂತು. ಅದೇ ವರ್ಷ ಕಾರ್ನೇಜ್‌ನ ಆಲ್ಬಮ್, 1991ರಲ್ಲಿ ಡಿಸ್‌ಮೆಂಬರ್‌ನದು, ಗ್ರೇವ್‌ನದು. ಗರಗಸದ ಸದ್ದು ಎಂದೇ ಇಂದು ಹೆಸರಾಗಿರುವ ಆ ಗಿಟಾರಿನ ಹಿಂದೆ ಇದ್ದದ್ದು ಬಾಸ್ ಕಂಪನಿಯ ಎಚ್‌ಎಂ-2 ಹೆವಿ ಮೆಟಲ್ ಪೆಡಲ್. ಅದನ್ನು ಎಲ್ಲಾ ನಾಬ್ ಪೂರ್ತಿ ತಿರುಗಿಸಿ ಬಳಸುವ ಕ್ರಮವನ್ನು ನಿಹಿಲಿಸ್ಟ್‌ನ ಗಿಟಾರಿಸ್ಟ್ ಲೀಫ್ ಕುಜ್ನರ್ ಹೆಸರಿಗೆ ಸಲ್ಲಿಸುವುದು ವಾಡಿಕೆ. 1983ರಲ್ಲಿ ಬಂದ ಪೆಡಲ್ 1991ರಲ್ಲಿ ನಿಂತುಹೋಯಿತು. ಹಳೆಯ ಪೆಡಲ್‌ಗೆ ಬೇಡಿಕೆ ಏರುತ್ತಲೇ ಹೋದದ್ದರಿಂದ 2021ರಲ್ಲಿ ಬಾಸ್ ಅದನ್ನು ಎಚ್‌ಎಂ-2ಡಬ್ಲ್ಯೂ ಆಗಿ ಮತ್ತೆ ತಂದಿತು.

ಆ ಪೆಡಲ್ ಬಗ್ಗೆ ತಿಳಿದಿರಲೇಬೇಕಾದ ಸಂಗತಿ ಒಂದಿದೆ. ಅದರಲ್ಲಿ ಲೆವೆಲ್, ಲೋ, ಹೈ, ಡಿಸ್ಟಾರ್ಷನ್ ಎಂಬ ನಾಲ್ಕು ನಿಯಂತ್ರಣಗಳು. ಲೋ ಮತ್ತು ಹೈ ಕೆಲಸ ಮಾಡುವುದು ಸಿಗ್ನಲ್ ಕ್ಲಿಪ್ ಆದ (ಮಿತಿ ಮೀರಿ ಹರಿದ) ಮೇಲೆ. ಲೋ ನಾಬ್ ಸುಮಾರು 100 ಹರ್ಟ್ಸ್ ಆಸುಪಾಸನ್ನು ಎತ್ತುತ್ತದೆ. ಹೈ ನಾಬ್, ಹೆಸರು ಏನೇ ಇರಲಿ, ಎತ್ತುವುದು 1 ಕಿಲೋಹರ್ಟ್ಸ್‌ನಿಂದ 1.3 ಕಿಲೋಹರ್ಟ್ಸ್ ಸುತ್ತಲಿನ ಮಧ್ಯಭಾಗವನ್ನು. ಅಂದರೆ ಪೂರ್ತಿ ಹರಿದುಹೋದ ಸಿಗ್ನಲ್‌ನ ಮಧ್ಯಭಾಗ ಕಿವಿಗೆ ರಾಚುವಂತೆ ಮುಂದೆ ಬರುತ್ತದೆ. ಆ ಗರಗಸ ಇರುವುದೇ ಅಲ್ಲಿ.

ಎಂಟೂಮ್ಡ್‌ನ ಡ್ರಮ್ಮರ್ ನಿಕೆ ಆಂಡರ್ಸನ್ ಪಂಕ್ ಕೇಳಿ ಬೆಳೆದವನು ಎಂಬುದೂ ಈ ಪ್ರಕರಣಕ್ಕೆ ಬೇಕಾದ ಮಾತೇ. ಇಂಗ್ಲೆಂಡಿನ ಡಿಸ್‌ಚಾರ್ಜ್‌ನಿಂದ ಬಂದ ಡಿ-ಬೀಟ್ ಎಂಬ ಓಡುವ ಡ್ರಮ್ ತಾಳವನ್ನು ಸ್ವೀಡನ್ನಿನ ಆಂಟಿ ಸಿಮೆಕ್ಸ್, ಮಾಬ್ 47 ತರಹದ ಹಾರ್ಡ್‌ಕೋರ್ ತಂಡಗಳು ತಮ್ಮದಾಗಿಸಿಕೊಂಡಿದ್ದವು. ಸ್ಟಾಕ್‌ಹೋಮ್ ಡೆತ್ ಮೆಟಲ್ ಆ ತಾಳದ ಮೇಲೆ ಓಡುತ್ತದೆ. ಫ್ಲೋರಿಡಾದಂತೆ ಪ್ರತಿ ಹೊಡೆತವನ್ನೂ ಕತ್ತರಿಸಿ ಇಡುವ ಹಟ ಅದಕ್ಕಿಲ್ಲ. ನಮ್ಮ ಬ್ಯಾಂಡ್ ಎಡವಿದ್ದು ಇದೇ ಜಾಗದಲ್ಲಿ, ಆದರೆ ಅದು ಅವರಿಗೆ ತಿಳಿದದ್ದು ಬಹಳ ತಡವಾಗಿ.

ಬ್ಯಾಂಡ್ ಹೊರಟ ಬಗೆ

ಬೆಂಗಳೂರಿಗೆ ಡೆತ್ ಮೆಟಲ್ ಹೊಸದಲ್ಲ. ಡೈಯಿಂಗ್ ಎಂಬ್ರೇಸ್‌ನಂಥ ತಂಡ 1990ರ ದಶಕದ ಆರಂಭದಲ್ಲೇ ಇಲ್ಲಿ ಡೆತ್ ಮತ್ತು ನಿಧಾನ ಗತಿಯ ಡೂಮ್ ಮೆಟಲ್ ಬೆರೆಸಿ ನುಡಿಸುತ್ತಿತ್ತು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿ ಹೋದ ಮೇಲೆ ದೊಡ್ಡ ಕಾರ್ಯಕ್ರಮಗಳಿಗೂ ದಾರಿಯಾಯಿತು. ಈ ಪ್ರಕರಣದ ಬ್ಯಾಂಡ್ ಅದರ ನಂತರದ ತಲೆಮಾರಿನದು. ಇಬ್ಬರು ಗಿಟಾರಿಸ್ಟ್‌ಗಳು, ಬೇಸ್, ಡ್ರಮ್ಸ್, ಗಾಯಕ. ಎಲ್ಲರಿಗೂ ಹಗಲು ಕೆಲಸ, ಅಭ್ಯಾಸವೆಲ್ಲ ವಾರಾಂತ್ಯದಲ್ಲಿ ಬಾಡಿಗೆಯ ಜ್ಯಾಮ್ ರೂಮ್‌ನಲ್ಲಿ.

ನಾಲ್ಕೂ ಹಾಡುಗಳು ಮೊದಲೇ ತಯಾರಾಗಿದ್ದವು, ಗಿಟಾರ್ ಡಿ ಶ್ರುತಿಯಲ್ಲಿದ್ದಾಗ. ಅವರು ಆಗ ಹೆಚ್ಚು ಕೇಳುತ್ತಿದ್ದುದು ಫ್ಲೋರಿಡಾ ಮತ್ತು ಅದರಿಂದ ಬೆಳೆದ ಇನ್ನೂ ವೇಗದ ಬ್ಯಾಂಡ್‌ಗಳನ್ನು. ರಿಫ್‌ಗಳ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳ) ತುಂಬ ಪಾಮ್ ಮ್ಯೂಟ್. ಎರಡನೇ ಹಾಡಿನ ಮುಖ್ಯಭಾಗ 240 ಬಿಪಿಎಂನ (ನಿಮಿಷಕ್ಕೆ 240 ಬೀಟ್) ಬ್ಲಾಸ್ಟ್ ಬೀಟ್. ಆಮೇಲೆ ಎರಡನೇ ಗಿಟಾರಿಸ್ಟ್‌ಗೆ ಜಪಾನಿನಲ್ಲಿ ತಯಾರಾದ ಹಳೆಯ ಎಚ್‌ಎಂ-2 ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಒಂದು ಸಂಜೆ ಅದನ್ನು ಹಚ್ಚಿ ತೆರೆದ ತಂತಿಯ ಮೇಲೆ ಒಂದು ಪವರ್ ಕಾರ್ಡ್ ನುಡಿಸಿದ್ದೇ ತಡ, ಇಡೀ ಇಪಿ ಇದರಲ್ಲೇ ಆಗಬೇಕು, ಶ್ರುತಿ ಬಿ ಸ್ವರಕ್ಕೆ ಇಳಿಯಬೇಕು ಎಂದು ಐವರೂ ಒಪ್ಪಿದರು. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆ ಸದ್ದನ್ನು ಮೊದಲ ಸಲ ತಮ್ಮ ಕೈಯಿಂದಲೇ ಹೊರಡಿಸಿದ ಯಾರಿಗೂ ಹಾಗೇ ಅನ್ನಿಸುತ್ತದೆ. ಆದರೆ ಹಾಡುಗಳನ್ನು ಮುಟ್ಟದೆ ಸದ್ದನ್ನು ಮಾತ್ರ ಬದಲಿಸುವ ತೀರ್ಮಾನ ಅಲ್ಲಿಯೇ ಆಗಿಹೋಯಿತು.

ಸ್ಟುಡಿಯೊಗೆ ಮೊದಲಿನ ಮೂರು ತೊಡಕು

ಮೊದಲನೆಯದು ಕರೆಂಟಿನದು. ಪೆಡಲ್ ದೀಪ ಮಂಕು, ಸದ್ದು ತೆಳು. ಪೆಡಲ್ ಕೆಟ್ಟಿದೆ ಎಂದೇ ಅಂದುಕೊಂಡಿದ್ದರು. ಆ ಕಾಲದ ಬಾಸ್ ಪೆಡಲ್‌ಗಳಲ್ಲಿ ಹಲವು ಎಸಿಎ ಬಗೆಯ ಅಡಾಪ್ಟರ್‌ಗೆ ಮಾಡಿದಂಥವು. ಆ ಅಡಾಪ್ಟರ್ ಕೊಡುತ್ತಿದ್ದುದು 9 ವೋಲ್ಟ್‌ಗಿಂತ ಹೆಚ್ಚು, ಅದನ್ನು ಪೆಡಲ್ ಒಳಗೇ ಇಳಿಸಿಕೊಳ್ಳುತ್ತಿತ್ತು. ಇಂದಿನ ನಿಯಂತ್ರಿತ 9 ವೋಲ್ಟ್ ಅಡಾಪ್ಟರನ್ನು ಒಂಟಿಯಾಗಿ ಚುಚ್ಚಿದರೆ ಒಳಗೆ ಇನ್ನೂ ಇಳಿದು ಪೆಡಲ್ ಹಸಿದುಕೊಂಡೇ ಓಡುತ್ತದೆ. ಪೆಡಲ್ ತಳದ ಚೀಟಿಯಲ್ಲಿ ಎಸಿಎ ಎಂದಿದೆಯೋ ಪಿಎಸ್‌ಎ (ನಿಯಂತ್ರಿತ 9 ವೋಲ್ಟ್ ಬಗೆ) ಎಂದಿದೆಯೋ ನೋಡುವುದು ಮೊದಲ ಕೆಲಸ. ಖಚಿತವಾಗಿ ತಿಳಿಯಬೇಕಾದರೆ ಹೊಸ 9 ವೋಲ್ಟ್ ಬ್ಯಾಟರಿ ಹಾಕಿ ಕೇಳಿದರಾಯಿತು. ಇವರು ಹಾಗೇ ಮಾಡಿದರು, ದೀಪ ಬೆಳಗಿತು, ಸದ್ದು ತುಂಬಿಕೊಂಡಿತು. ರೆಕಾರ್ಡಿಂಗ್ ಪೂರ್ತಿ ಬ್ಯಾಟರಿಯಲ್ಲೇ ಆಯಿತು.

ಎರಡನೆಯದು ಗುಂಯ್ ಎನ್ನುವ ಹಮ್. ಜ್ಯಾಮ್ ರೂಮ್‌ನ ಸಾಕೆಟ್‌ಗೆ ಮೂರು ಪಿನ್ ಇತ್ತು, ಆದರೆ ಅರ್ಥಿಂಗ್ ಸರಿ ಇರಲಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಪವರ್ ಸಪ್ಲೈಗಳಿಂದ ನುಸುಳುವ ಹಮ್‌ನ ಜೋರು ಭಾಗ 100 ಹರ್ಟ್ಸ್‌ನಲ್ಲಿ ಕೂರುತ್ತದೆ. ಎಚ್‌ಎಂ-2ನ ಲೋ ನಾಬ್ ಎತ್ತುವುದೂ ಅದೇ ಜಾಗವನ್ನು. ಬೇರೆ ಪೆಡಲ್‌ನಲ್ಲಿ ಸಹಿಸಬಹುದಾದ ಹಮ್ ಇದರಲ್ಲಿ ಹಾಡನ್ನೇ ನುಂಗುತ್ತದೆ. ಅರ್ಥಿಂಗ್ ಸರಿ ಮಾಡಿಸುವ ಬದಲು ಅಲ್ಲಿ ಅವರು ನಾಯ್ಸ್ ಗೇಟ್ (ಸದ್ದು ತಗ್ಗಿದೊಡನೆ ಮುಚ್ಚಿಬಿಡುವ ಸಾಧನ) ಬಿಗಿಗೊಳಿಸಿದರು. ಗೇಟ್ ಟ್ರೆಮೊಲೊ (ಒಂದೇ ತಂತಿಯನ್ನು ವೇಗವಾಗಿ ಹೊಡೆಯುವ) ನೋಟ್‌ಗಳ ಬಾಲವನ್ನು ಕತ್ತರಿಸತೊಡಗಿತು. ಸ್ಟುಡಿಯೊದಲ್ಲಿ ಅರ್ಥಿಂಗ್ ಚೆನ್ನಾಗಿದ್ದರಿಂದ ಈ ಸಮಸ್ಯೆ ತಾನಾಗಿ ಹೋಯಿತು. ಜ್ಯಾಮ್ ರೂಮ್‌ನಲ್ಲಿ ಮಾಡಿದ ಪ್ರಾಯೋಗಿಕ ರೆಕಾರ್ಡಿಂಗ್‌ಗಳೆಲ್ಲ ಮಾತ್ರ ಯಾವ ತೀರ್ಮಾನಕ್ಕೂ ಬಾರದ ಸ್ಥಿತಿಯಲ್ಲಿ ಉಳಿದವು.

ಮೂರನೆಯದು ತಂತಿ. ಇದರ ಲೆಕ್ಕ ಸರಳ, ಆದರೂ ಬಹಳ ಮಂದಿ ಮಾಡುವುದಿಲ್ಲ. 25.5 ಇಂಚು ಸ್ಕೇಲ್‌ನ (ಕಂಪಿಸುವ ತಂತಿಯ ಉದ್ದ) ಗಿಟಾರಿನಲ್ಲಿ 0.046 ಇಂಚಿನ ತಂತಿ ಇ ಶ್ರುತಿಯಲ್ಲಿ, ಅಂದರೆ 82.4 ಹರ್ಟ್ಸ್‌ನಲ್ಲಿ, ಸುಮಾರು 17.5 ಪೌಂಡ್ ಬಿಗಿಯಲ್ಲಿರುತ್ತದೆ. ಅದೇ ತಂತಿಯನ್ನು ಬಿ ಸ್ವರಕ್ಕೆ, 61.7 ಹರ್ಟ್ಸ್‌ಗೆ, ಇಳಿಸಿದರೆ ಬಿಗಿ 10 ಪೌಂಡ್‌ಗಿಂತ ಕೆಳಗೆ ಬೀಳುತ್ತದೆ. ಜೋರಾಗಿ ಹೊಡೆದ ಕ್ಷಣ ಶ್ರುತಿ ಮೇಲೇರಿ ಆಮೇಲೆ ಇಳಿಯುತ್ತದೆ. ಇಬ್ಬರು ಗಿಟಾರಿಸ್ಟ್‌ಗಳು ಎರಡು ರೀತಿ ಹೊಡೆದರೆ ಒಂದೇ ಕಾರ್ಡ್ ಎರಡು ಶ್ರುತಿಯಲ್ಲಿ ಕೇಳುತ್ತದೆ. ಮೊದಲ ಗಿಟಾರಿಸ್ಟ್ 0.060 ತಂತಿ ಹಾಕಿಕೊಂಡ, ಬಿಗಿ ಮತ್ತೆ 17 ಪೌಂಡ್ ಹತ್ತಿರ ಬಂತು. ಅಷ್ಟು ದಪ್ಪ ತಂತಿಗೆ ತಂತಿ ಕೂರುವ ಮೇಲ್ತುದಿಯ ಪಟ್ಟಿಯಾದ ನಟ್‌ನ ಕಚ್ಚು ಅಗಲ ಮಾಡಿಸಬೇಕು, ಕೆಳತುದಿಯ ಸ್ಯಾಡಲ್ ಹಿಂದಕ್ಕೆ ಸರಿಸಿ ಇಂಟೋನೇಷನ್ (ಎಲ್ಲ ಮನೆಗಳಲ್ಲೂ ಶ್ರುತಿ) ಹೊಂದಿಸಬೇಕು, ಗಿಟಾರಿನ ಕತ್ತಿನೊಳಗಿನ ಟ್ರಸ್ ರಾಡ್ ನೋಡಬೇಕು. ಎರಡನೆಯವನು ತನ್ನ ಗಿಟಾರಿನ ನಟ್ ಮುಟ್ಟಿಸಲು ಒಪ್ಪದೆ 0.052ಕ್ಕೆ ನಿಂತ. ಈ ವ್ಯತ್ಯಾಸಕ್ಕೆ ಮಿಕ್ಸ್‌ನಲ್ಲಿ ಬೆಲೆ ತೆರಬೇಕಾಯಿತು: ಎಡ ಬಲ ಗಿಟಾರ್‌ಗಳು ಪ್ರತಿ ಹೊಡೆತದ ಮೊದಲ ಕ್ಷಣದಲ್ಲಿ ಬೇರೆಬೇರೆ ಶ್ರುತಿಯಲ್ಲಿದ್ದವು. ಕೊನೆಗೆ ಎರಡೂ ಬದಿಯ ರಿದಮ್ ಭಾಗಗಳನ್ನು ಮೊದಲನೆಯವನ ಗಿಟಾರಿನಲ್ಲೇ ಇಬ್ಬರೂ ನುಡಿಸಬೇಕಾಯಿತು.

ಮೊದಲ ಮಿಕ್ಸ್

ಸ್ಟುಡಿಯೊದಲ್ಲಿ ಒಂದು ಜಾಣ ನಿರ್ಧಾರ ಮೊದಲೇ ಆಗಿತ್ತು. ಆಂಪ್‌ನ ಜೊತೆಗೆ ಪ್ರತಿ ಟೇಕ್‌ನ, ಪೆಡಲ್ ಆಂಪ್ ಮುಟ್ಟದ ಶುದ್ಧ ಸಿಗ್ನಲನ್ನೂ ಡಿಐ (ಡೈರೆಕ್ಟ್ ಇಂಜೆಕ್ಷನ್) ಬಾಕ್ಸ್ ಮೂಲಕ ಬೇರೆ ಟ್ರ್ಯಾಕ್‌ಗೆ ಹಾಕಿಕೊಂಡರು. ಅದೊಂದಿಲ್ಲದಿದ್ದರೆ ಈ ಇಪಿ ಹೊರಬರುತ್ತಿರಲಿಲ್ಲ.

ಉಳಿದದ್ದು ಸರಿ ಬರಲಿಲ್ಲ. ಪೆಡಲನ್ನು ಹಚ್ಚಿದ್ದು ಇಂದಿನ ಹೈ ಗೇನ್ ಆಂಪ್‌ನ, ಸದ್ದನ್ನು ತಾನೇ ಹರಿಯುವ ಡಿಸ್ಟಾರ್ಷನ್ ಚಾನೆಲ್‌ಗೆ. ಪೂರ್ತಿ ಕ್ಲಿಪ್ ಆದ ಸಿಗ್ನಲ್ ಮತ್ತೆ ಪೂರ್ತಿ ಕ್ಲಿಪ್ ಆಗಿ, ಪೆಡಲ್ ಕಷ್ಟಪಟ್ಟು ಎತ್ತಿದ 1 ಕಿಲೋಹರ್ಟ್ಸ್ ಉಬ್ಬು ಚಪ್ಪಟೆಯಾಯಿತು. ಉಳಿದದ್ದು 5 ಕಿಲೋಹರ್ಟ್ಸ್ ಮೇಲಿನ ಸೀಳು ಸದ್ದು. ಸಾಲದ್ದಕ್ಕೆ ಪ್ರತಿ ಗಿಟಾರಿಸ್ಟ್ ಪ್ರತಿ ರಿಫನ್ನು ನಾಲ್ಕು ಸಲ ನುಡಿಸಿ ಎಂಟು ಟ್ರ್ಯಾಕ್ ಪೇರಿಸಿದರು. ಬಿಗಿ ಸದ್ದಿನ ಆಂಪ್‌ಗಳಲ್ಲಿ ಇದು ಗೋಡೆ ಕಟ್ಟುವ ಉಪಾಯ. ಎಚ್‌ಎಂ-2ನಲ್ಲಿ ಹೊಡೆತದ ಮೊನೆ ಮೊದಲೇ ಮೊಂಡಾಗಿರುತ್ತದೆ. ಎಂಟು ಮೊಂಡು ಮೊನೆಗಳು ಕೆಲವು ಮಿಲಿಸೆಕೆಂಡ್ ಹಿಂದೆಮುಂದೆ ಬಿದ್ದರೆ ಮೊನೆಯೇ ಉಳಿಯುವುದಿಲ್ಲ.

ಮಿಕ್ಸ್ ಕೇಳಿದ ಡ್ರಮ್ಮರ್‌ನ ಮಾತು: “ಮಗಾ, ಡ್ರಮ್ಸ್ ಅಷ್ಟೇ ಕೇಳಿಸ್ತಿದೆ. ನಿಮ್ಮಿಬ್ರ ಗಿಟಾರ್ ಎಲ್ಲೋಯ್ತು?”

ಆಗ ಎಲ್ಲರೂ ಮಾಡುವುದನ್ನೇ ಇವರೂ ಮಾಡಿದರು. ಗಿಟಾರ್ ಜೋರು ಮಾಡಿದರು, ಗಾಯನ ಮುಳುಗಿತು. ಸ್ಪಷ್ಟತೆಗೆಂದು 4 ಕಿಲೋಹರ್ಟ್ಸ್ ಎತ್ತಿದರು, ಕಿಕ್‌ನ ಕ್ಲಿಕ್ ಮಾಯವಾಯಿತು. ಕರ್ಕಶ ಎಂದು 1 ಕಿಲೋಹರ್ಟ್ಸ್ ತಗ್ಗಿಸಿದರು. ಆಗ ಹೋದದ್ದು ಸ್ಟಾಕ್‌ಹೋಮ್. ಆ ಉಬ್ಬನ್ನು ಇಳಿಸುವುದೆಂದರೆ ಪೆಡಲನ್ನೇ ಕಿತ್ತುಹಾಕಿದಂತೆ. ಈ ಸದ್ದನ್ನು ಮಿಕ್ಸ್ ಮಾಡುವವರು ಉಳಿದೆಲ್ಲವನ್ನೂ ಆ ಜಾಗದಿಂದ ಸರಿಸಬೇಕೇ ಹೊರತು ಗಿಟಾರನ್ನಲ್ಲ.

ರೀಆಂಪ್

ಇಂಜಿನಿಯರ್ ಸಲಹೆಯಂತೆ ಡಿಐ ಟ್ರ್ಯಾಕ್‌ಗಳನ್ನು ಮತ್ತೆ ಪೆಡಲ್ ಮೂಲಕ ಕಳಿಸಿ ಹೊಸದಾಗಿ ರೆಕಾರ್ಡ್ ಮಾಡುವುದೆಂದಾಯಿತು; ರೀಆಂಪ್ ಎಂದರೆ ಇದೇ. ಮೊದಲ ಪ್ರಯತ್ನ ಇನ್ನೂ ಕೆಟ್ಟಿತು. ಕಂಪ್ಯೂಟರಿಗೆ ಸದ್ದು ಒಳಹೊರಗೆ ಮಾಡುವ ಇಂಟರ್‌ಫೇಸ್‌ನ ಲೈನ್ ಔಟ್‌ನಿಂದ ನೇರವಾಗಿ ಪೆಡಲ್‌ಗೆ ಕೇಬಲ್ ಕೊಟ್ಟಿದ್ದರು. ಲೈನ್ ಲೆವೆಲ್ ಸಿಗ್ನಲ್ ಗಿಟಾರ್ ಪಿಕಪ್‌ನ ಸಿಗ್ನಲ್‌ಗಿಂತ ಎಷ್ಟೋ ಜೋರು, ಅದರ ಇಂಪಿಡೆನ್ಸ್ ಕೂಡ ಬೇರೆ. ಪೆಡಲ್‌ನ ಮೊದಲ ಹಂತವೇ ತುಂಬಿ ಚೆಲ್ಲಿತು. ನಡುವೆ ಸಿಗ್ನಲನ್ನು ಗಿಟಾರಿನ ಮಟ್ಟಕ್ಕೆ ಇಳಿಸುವ ರೀಆಂಪ್ ಬಾಕ್ಸ್ ಇಟ್ಟ ಮೇಲೂ ಮಟ್ಟವನ್ನು ಅಂದಾಜಿನಲ್ಲಿ ಇಡಬಾರದು. ಕೊನೆಗೆ ಅವರು ಮಾಡಿದ ಕ್ರಮ ಇದು: ಗಿಟಾರನ್ನು ನೇರ ಪೆಡಲ್‌ಗೆ ಹಚ್ಚಿ ಒಂದು ರಿಫ್ ಜೋರಾಗಿ ನುಡಿಸಿ ಆಂಪ್‌ನ ಮುಂದಿನ ಮೈಕ್‌ನಲ್ಲಿ ಅದನ್ನು ರೆಕಾರ್ಡ್ ಮಾಡುವುದು, ಅದೇ ರಿಫ್‌ನ ಡಿಐಯನ್ನು ರೀಆಂಪ್ ಬಾಕ್ಸ್ ಮೂಲಕ ಕಳಿಸುವುದು, ಎರಡೂ ಒಂದೇ ರೀತಿ ಕೇಳುವವರೆಗೆ ಬಾಕ್ಸ್‌ನ ಮಟ್ಟ ತಗ್ಗಿಸುತ್ತ ಬರುವುದು, ಆಮೇಲೆ ಅದನ್ನು ಯಾರೂ ಮುಟ್ಟದಂತೆ ಟೇಪ್ ಅಂಟಿಸುವುದು.

ಆಂಪ್‌ನ ಕ್ಲೀನ್ ಚಾನೆಲ್ ತೆಗೆದುಕೊಂಡು ಗೇನ್ ಅನ್ನು ಜೋರಾಗಿ ಹೊಡೆದಾಗ ಮಾತ್ರ ಸ್ವಲ್ಪ ಒಡೆಯುವಷ್ಟಕ್ಕೆ ಇಟ್ಟರು. ಪೆಡಲ್‌ನ ನಾಲ್ಕೂ ನಾಬ್ ಪೂರ್ತಿ. ಎಸ್‌ಎಂ57 ಮೈಕ್ ಸ್ಪೀಕರ್ ಜಾಲರಿಯಿಂದ ಎರಡು ಬೆರಳು ದೂರದಲ್ಲಿ, ನಡುವಿನ ಕೋನ್‌ನ ಅಂಚಿಗೆ. ನಾಯ್ಸ್ ಗೇಟ್ ಇರಿಸಿದ್ದು ರೆಕಾರ್ಡ್ ಆದ ಸದ್ದಿನ ಮೇಲೆ, ಆದರೆ ಅದು ತೆರೆಯುವುದು ಮುಚ್ಚುವುದು ಡಿಐ ಟ್ರ್ಯಾಕ್‌ನ ಮಾತು ಕೇಳಿ. ಡಿಐಯಲ್ಲಿ ಹಮ್ ಇಲ್ಲ, ನೋಟ್ ಎಲ್ಲಿ ಶುರು ಎಲ್ಲಿ ಮುಗಿಯಿತು ಎಂಬುದು ಸ್ಪಷ್ಟ. ಹಾಗಾಗಿ ನೋಟ್‌ನ ಬಾಲ ತುಂಡಾಗುವುದಿಲ್ಲ. ಜ್ಯಾಮ್ ರೂಮ್‌ನಲ್ಲಿ ತಿಂಗಳುಗಟ್ಟಲೆ ಕಾಡಿದ ತೊಂದರೆ ಇಲ್ಲಿ ಒಂದು ರೌಟಿಂಗ್‌ನಲ್ಲಿ ಮುಗಿಯಿತು. ಎಂಟು ಟ್ರ್ಯಾಕ್ ಬಿಸಾಕಿ ಎಡಕ್ಕೊಂದು ಬಲಕ್ಕೊಂದು ಉಳಿಸಿಕೊಂಡರು. ಒಂಟಿಯಾಗಿ ಕೇಳಿದರೆ ಗಿಟಾರ್ ಈಗ ಅವರು ಬಯಸಿದಂತೆಯೇ ಇತ್ತು.

ಡ್ರಮ್ಸ್ ಜೊತೆ ಬಿಟ್ಟಾಗ ನಾಲ್ಕರಲ್ಲಿ ಒಂದು ಹಾಡು, ನಿಧಾನದ್ದು, ತಕ್ಷಣ ಎದ್ದು ನಿಂತಿತು. ಉಳಿದ ಮೂರು ಎದ್ದೇಳಲಿಲ್ಲ.

ತಿರುವು

ಇಡೀ ಪ್ರಕರಣದ ನಿರ್ಣಾಯಕ ಘಳಿಗೆ ಇದು. ಇಂಜಿನಿಯರ್ ಡ್ರಮ್ಸ್ ಮ್ಯೂಟ್ ಮಾಡಿ, ಎರಡನೇ ಹಾಡಿನ ಬ್ಲಾಸ್ಟ್ ಭಾಗದ ಗಿಟಾರ್ ಮಾತ್ರ ಬಿಟ್ಟು, ಅದನ್ನು ಬರೆದ ಮೊದಲ ಗಿಟಾರಿಸ್ಟ್‌ಗೇ ಕೇಳಿದರು: “ಈಗ ನೀವೇ ಹೇಳಿ, ಮೂರನೇ ನೋಟ್ ಎಲ್ಲಿ ಶುರುವಾಗುತ್ತೆ?” ಅವನು ಎರಡು ಸಲ ಕೇಳಿ, “ಗೊತ್ತಾಗ್ತಿಲ್ಲ ಅಣ್ಣ” ಎಂದ. ಸ್ವಂತ ರಿಫ್.

ಕಾರಣ ಲೆಕ್ಕದಲ್ಲೇ ಇದೆ. 240 ಬಿಪಿಎಂನಲ್ಲಿ ಹದಿನಾರನೇ ನೋಟ್‌ಗಳೆಂದರೆ (ಬೀಟ್‌ಗೆ ನಾಲ್ಕು) ಸೆಕೆಂಡಿಗೆ 16 ಹೊಡೆತ, ಒಂದಕ್ಕೆ 62.5 ಮಿಲಿಸೆಕೆಂಡ್. 61.7 ಹರ್ಟ್ಸ್‌ನ ಬಿ ತಂತಿ ಒಂದು ಸಲ ಕಂಪಿಸಲು ಸುಮಾರು 16 ಮಿಲಿಸೆಕೆಂಡ್ ಬೇಕು. ಅಂದರೆ ಪ್ರತಿ ನೋಟ್‌ಗೆ ನಾಲ್ಕು ಕಂಪನವೂ ಸಿಗುವುದಿಲ್ಲ. ಅದರಲ್ಲೂ ಪಾಮ್ ಮ್ಯೂಟ್ ಮಾಡಿ ಅರ್ಧ ಕೊಂದ ನೋಟ್. ಬಿಗಿಯಾದ ಆಂಪ್‌ನಲ್ಲಿ ಹೊಡೆತದ ಕ್ಲಿಕ್ಕಾದರೂ ರಿಫನ್ನು ಹೇಳುತ್ತದೆ. ಎಚ್‌ಎಂ-2 ಆ ಕ್ಲಿಕ್ಕನ್ನು ಸವೆಸಿ, ನೋಟ್‌ನ ಮೈಯನ್ನು ಉಬ್ಬಿಸುವ ಪೆಡಲ್. ಇಲ್ಲಿ ಉಬ್ಬಿಸಲು ಮೈಯೇ ಇರಲಿಲ್ಲ.

ಸ್ಟಾಕ್‌ಹೋಮ್‌ನವರು ನುಡಿಸಿದ್ದನ್ನು ಈ ಕಿವಿಯಿಂದ ಮತ್ತೆ ಕೇಳಿದರೆ ವಿಷಯ ಬಯಲಾಗುತ್ತದೆ. ಅಲ್ಲಿ ಟ್ರೆಮೊಲೊ ಪಿಕಿಂಗ್ ಇದೆ, ಆದರೆ ತಂತಿ ತೆರೆದಿರುತ್ತದೆ, ಮತ್ತು ಒಂದೇ ಸ್ವರದ ಮೇಲೆ ಹಲವು ಹೊಡೆತ ಬಿದ್ದ ಮೇಲೆ ಸ್ವರ ಬದಲಾಗುತ್ತದೆ. ಕಾರ್ಡ್‌ಗಳನ್ನು ತುಂಬ ಹೊತ್ತು ಮೊಳಗಲು ಬಿಡುತ್ತಾರೆ. ತಾಳ ಡಿ-ಬೀಟ್ ಆದ್ದರಿಂದ ಸ್ನೇರ್‌ಗಳ ನಡುವೆ ಗಿಟಾರಿಗೆ ಉಸಿರಾಡಲು ಜಾಗ. ಆ ಸದ್ದು ಅಂಥ ರಿಫ್‌ಗಳನ್ನು ಬರೆಸಿತು, ಆ ರಿಫ್‌ಗಳು ಆ ಸದ್ದನ್ನು ಉಳಿಸಿದವು. ಒಂದು ಉಪಪ್ರಕಾರ ಬೆಳೆಯುವುದು ಹೀಗೆಯೇ: ವಾದ್ಯ, ತಾಳ, ಬರವಣಿಗೆ ಒಟ್ಟಿಗೆ ಒಂದನ್ನೊಂದು ತಿದ್ದಿಕೊಳ್ಳುತ್ತವೆ. ಅದರಿಂದ ಒಂದೇ ಎಳೆ ಬಿಡಿಸಿ ತಂದು ಫ್ಲೋರಿಡಾದ ಹಾಡಿಗೆ ಕಟ್ಟಿದರೆ ಅದು ಹಿಡಿಯುವುದಿಲ್ಲ.

ಬ್ಯಾಂಡ್‌ನ ಮುಂದೆ ಎರಡೇ ದಾರಿ ಉಳಿದವು. ಪೆಡಲ್ ಬಿಟ್ಟು ಹಾಡುಗಳನ್ನು ಇದ್ದಂತೆ ಉಳಿಸುವುದು, ಇಲ್ಲವೇ ಪೆಡಲ್ ಉಳಿಸಿಕೊಂಡು ಹಾಡುಗಳನ್ನು ಮತ್ತೆ ಬರೆಯುವುದು. ಡ್ರಮ್ಮರ್ ಮೊದಲನೆಯದರ ಪರ. 240 ತಲುಪಲು ಅವನು ಪಟ್ಟ ಶ್ರಮ ಚಿಕ್ಕದಾಗಿರಲಿಲ್ಲ, ಅವನ ಬೇಸರವೂ ನ್ಯಾಯವಾದದ್ದೇ. ಉಳಿದವರು ಎರಡನೆಯದರ ಪರ. ಸ್ಟುಡಿಯೊ ಬುಕಿಂಗ್ ಮುಂದೂಡಿ ಜ್ಯಾಮ್ ರೂಮ್‌ಗೆ ಮರಳಿದರು. ಖರ್ಚು ಮಾಡಿದ ಮೇಲೆ ಹಿಂದೆ ಹೋಗುವುದು ಸುಲಭದ ಮಾತಲ್ಲ, ಮತ್ತು ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ನಿರ್ಧಾರ ಅದೇ.

ತಿದ್ದಿದ್ದು ಏನೇನು

ಎರಡನೇ ಹಾಡಿನ ಬ್ಲಾಸ್ಟ್ ಭಾಗ 190 ಬಿಪಿಎಂನ ಡಿ-ಬೀಟ್ ಆಯಿತು. ಆ ವೇಗದಲ್ಲಿ ಒಂದು ಬೀಟ್‌ಗೆ ಸುಮಾರು 316 ಮಿಲಿಸೆಕೆಂಡ್. ಸ್ವರ ಬೀಟ್‌ಗೆ ಒಂದು ಸಲ ಮಾತ್ರ ಬದಲಾಗುವಂತೆ ರಿಫ್ ತಿದ್ದಿದಾಗ ಪ್ರತಿ ಸ್ವರಕ್ಕೂ ಕಿವಿ ಹಿಡಿಯುವಷ್ಟು ಸಮಯ ಸಿಕ್ಕಿತು. ಕೈ ಮಾತ್ರ ಹದಿನಾರನೇ ನೋಟ್‌ಗಳಲ್ಲೇ ಓಡುತ್ತದೆ, ಆದ್ದರಿಂದ ರಭಸ ಕಡಿಮೆಯಾಗಲಿಲ್ಲ. ವಿಚಿತ್ರವೆಂದರೆ, 50 ಬಿಪಿಎಂ ಇಳಿಸಿದ ಮೇಲೆ ಕೇಳಿದವರಿಗೆ ಹಾಡು ಮೊದಲಿಗಿಂತ ವೇಗವಾಗಿ ತೋರಿತು. ಸ್ವರಗಳು ಕೇಳಿಸಿದಾಗ ಮಾತ್ರ ವೇಗ ತಿಳಿಯುತ್ತದೆ. ಮೊದಲ ಹಾಡಿನಲ್ಲಿ ಪಾಮ್ ಮ್ಯೂಟ್ ಮುಕ್ಕಾಲು ಪಾಲು ಹೋಗಿ ತೆರೆದ ಕಾರ್ಡ್ ಬಂತು. ಬ್ಲಾಸ್ಟ್ ಪೂರ್ತಿ ಹೋಗಲಿಲ್ಲ. ಎರಡು ಕಡೆ ನಾಲ್ಕು ಬಾರ್‌ಗಳಷ್ಟು ಉಳಿಯಿತು, ಅಲ್ಲಿ ಗಿಟಾರ್ ಒಂದೇ ಕಾರ್ಡ್ ಹಿಡಿದು ನಿಲ್ಲುತ್ತದೆ.

ಬೇಸ್‌ನ ಕೆಲಸವೂ ಬದಲಾಯಿತು. ನಾಲ್ಕು ತಂತಿಯ ಬೇಸ್‌ಗೆ ಐದು ತಂತಿ ಸೆಟ್‌ನ ಕೆಳಗಿನ ನಾಲ್ಕನ್ನು, 0.130ರಿಂದ ಶುರುವಾಗುವಂತೆ, ಹಾಕಿ ಬಿ, ಇ, ಎ, ಡಿ ಶ್ರುತಿ ಮಾಡಿದರು. ಆ ಕೆಳಗಿನ ಬಿ 30.9 ಹರ್ಟ್ಸ್, ಸಾಮಾನ್ಯ ಸ್ಪೀಕರ್‌ಗಳಲ್ಲಿ ಅದು ಬರುವುದೇ ಇಲ್ಲ, ಕಿವಿಗೆ ಆಧಾರವಾಗುವುದು ಅದರ ದುಪ್ಪಟ್ಟಾದ 61.7. ಮಿಕ್ಸ್‌ನಲ್ಲಿ ಬೇಸನ್ನು ಎರಡಾಗಿ ಸೀಳಿದರು. 200 ಹರ್ಟ್ಸ್ ಕೆಳಗಿನದು ಶುದ್ಧ, ಚೆನ್ನಾಗಿ ಕಂಪ್ರೆಸ್ ಮಾಡಿದ್ದು (ಜೋರು ಮೆಲುಗಳ ಅಂತರ ತಗ್ಗಿಸಿದ್ದು). ಮೇಲಿನದಕ್ಕೆ ಡಿಸ್ಟಾರ್ಷನ್, ಪಿಕ್ ಹೊಡೆತ 2ರಿಂದ 2.5 ಕಿಲೋಹರ್ಟ್ಸ್‌ನಲ್ಲಿ ಸ್ವಲ್ಪ ಎತ್ತಿದ್ದು. ಗಿಟಾರಿಗೆ 80 ಹರ್ಟ್ಸ್‌ನಲ್ಲಿ ಹೈಪಾಸ್ (ಅದರ ಕೆಳಗಿನದನ್ನು ತಗ್ಗಿಸುವ ಫಿಲ್ಟರ್). ಕಿಕ್‌ನ ಕ್ಲಿಕ್ 4.5 ಕಿಲೋಹರ್ಟ್ಸ್ ಹತ್ತಿರ. ಹೀಗೆ 1ರಿಂದ 1.3 ಕಿಲೋಹರ್ಟ್ಸ್ ಗಿಟಾರಿಗೇ ಬಿಟ್ಟುಕೊಟ್ಟಂತಾಯಿತು. ಹೊಡೆತದ ಮೊನೆ ಇನ್ನೂ ಸ್ವಲ್ಪ ಬೇಕೆನಿಸಿದಲ್ಲಿ ಡಿಐಯನ್ನು ಪೆಡಲ್ ಇಲ್ಲದೆ ಬಿಗಿಯಾದ ಆಂಪ್ ಸದ್ದಿನಲ್ಲಿ ಹಾಯಿಸಿ, ಪಕ್ಕದ ಗಿಟಾರ್‌ಗಳಿಗಿಂತ 10 ಡೆಸಿಬಲ್ ಕೆಳಗೆ ನಡುವಿನಲ್ಲಿ ಇಟ್ಟರು. ಒಂಟಿಯಾಗಿ ಅದು ಕೇಳಿಸುವುದೇ ಇಲ್ಲ, ತೆಗೆದರೆ ತಿಳಿಯುತ್ತದೆ.

ಗಾಯನದ ಬಗ್ಗೆ ಎರಡು ಮಾತು. ಗಾಯಕ ಮೊದಲ ದಿನ ನಾಲ್ಕು ಗಂಟೆ ಒಂದೇ ಸಮ ಗ್ರೌಲ್ (ಗೊಗ್ಗರು ಗಂಟಲ ಹಾಡಿಕೆ) ಮಾಡಿ ವಾರದ ಮಟ್ಟಿಗೆ ದನಿ ಕಳೆದುಕೊಂಡಿದ್ದ. ಸದ್ದು ಹುಟ್ಟಬೇಕಾದದ್ದು ಧ್ವನಿ ತಂತುಗಳ ಮೇಲಿರುವ ಮಡಿಕೆಗಳಲ್ಲಿ, ಹೊಟ್ಟೆಯ ಉಸಿರಿನ ಆಸರೆಯಿಂದ. ಗಂಟಲು ಉರಿಯತೊಡಗಿತೆಂದರೆ ತಂತುಗಳೇ ಉಜ್ಜುತ್ತಿವೆ ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು. ಎರಡನೇ ಸಲ ಅರ್ಧ ಗಂಟೆಯ ತುಂಡುಗಳಾಗಿ, ನಡುವೆ ಬಿಸಿನೀರು ಮತ್ತು ಮೌನದೊಂದಿಗೆ ಮುಗಿಸಿದ. ಒಂದು ಹಾಡಿನ ಸಾಹಿತ್ಯ ಕನ್ನಡದ್ದು. ಕನ್ನಡದ ಸಾಲುಗಳು ಸಾಮಾನ್ಯವಾಗಿ ಸ್ವರಾಕ್ಷರದಲ್ಲಿ ಮುಗಿಯುವುದರಿಂದ ಸಾಲಿನ ಕೊನೆಯಲ್ಲಿ ಗ್ರೌಲ್ ತೆರೆದುಕೊಂಡು ಉಳಿಯುತ್ತದೆ, ಅದರಲ್ಲೂ ಆ ಮತ್ತು ಓಗಳಲ್ಲಿ. ಈಯಲ್ಲಿ ಮುಗಿಯುವ ಸಾಲುಗಳು ಗಂಟಲಲ್ಲೇ ಬಿಗಿದುಕೊಂಡವು. ಅಂಥ ಎರಡು ಸಾಲುಗಳ ಪದ ಬದಲಿಸಿದರು. ಈ ಭಾಷೆಯಲ್ಲಿ ಈ ಸಂಗೀತಕ್ಕೆ ಇರುವ ಜಾಗವನ್ನು ಇನ್ನೂ ಯಾರೂ ಪೂರ್ತಿ ಬಳಸಿಕೊಂಡಿಲ್ಲ ಎಂದೇ ಆ ಹಾಡು ಕೇಳಿದಾಗ ಅನ್ನಿಸುತ್ತದೆ.

ಫಲಿತಾಂಶ

ಮೂರು ಹಾಡುಗಳು ಇಪಿಗೆ ಬಂದವು. ಗಿಟಾರ್ ಫೋನಿನ ಸ್ಪೀಕರ್‌ನಲ್ಲೂ ಕೇಳುತ್ತದೆ, ಏಕೆಂದರೆ ಅದರ ಮುಖ್ಯಭಾಗ ಕೆಳಗಿಲ್ಲ, ಮಧ್ಯದಲ್ಲಿದೆ. ವೇದಿಕೆಯಲ್ಲಿ ಅಷ್ಟು ಚೆನ್ನಾಗಿ ಹೊಂದಲಿಲ್ಲ: ಬಾಡಿಗೆ ಆಂಪ್‌ಗಳಲ್ಲಿ ಪೂರ್ತಿ ತೆರೆದ ಎಚ್‌ಎಂ-2 ಫೀಡ್‌ಬ್ಯಾಕ್ ಎಬ್ಬಿಸುತ್ತಿತ್ತು. ಅಲ್ಲಿಗೆಂದು ಲೋ ನಾಬ್ ಅರ್ಧಕ್ಕೆ, ಡಿಸ್ಟಾರ್ಷನ್ ಮುಕ್ಕಾಲಿಗೆ ಇಳಿಸಿ, ಹೈ ಮಾತ್ರ ಪೂರ್ತಿಯಾಗಿಯೇ ಇಟ್ಟರು. ಕಷ್ಟವಾದರೆ ಮೊದಲು ಲೋ ಬಿಡಬಹುದು, ಆಮೇಲೆ ಡಿಸ್ಟಾರ್ಷನ್ ಬಿಡಬಹುದು. ಹೈ ಬಿಟ್ಟರೆ ಆ ಸದ್ದು ಇಲ್ಲ.

ನಾಲ್ಕನೇ ಹಾಡು, ಅವುಗಳಲ್ಲೇ ಅತಿ ತೊಡಕಿನದು, ಯಾವ ತಿದ್ದುಪಡಿಗೂ ಬಗ್ಗಲಿಲ್ಲ. ನಿಧಾನ ಮಾಡಿದರೆ ಅದರ ಕಸುಬುಗಾರಿಕೆ ಹೋಗುತ್ತಿತ್ತು, ವೇಗದಲ್ಲಿ ಬಿಟ್ಟರೆ ಪೆಡಲ್ ಅದನ್ನು ನುಂಗುತ್ತಿತ್ತು. ಅದನ್ನು ಡ್ರಮ್ಮರ್ ಬೇಡಿದಂತೆ ಹೊರಗಿಟ್ಟು, ಡಿ ಶ್ರುತಿಗೆ ಮರಳಿ, ಪೆಡಲ್ ಇಲ್ಲದೆ, ಬಿಗಿಯಾದ ಆಂಪ್ ಮತ್ತು 240ರ ಬ್ಲಾಸ್ಟ್‌ನೊಂದಿಗೆ ಮುಂದೆ ಬೇರೆಯಾಗಿ ರೆಕಾರ್ಡ್ ಮಾಡಿ ಒಂಟಿ ಹಾಡಾಗಿ ಬಿಡುಗಡೆ ಮಾಡಿದರು.